ಐದು ನಿಮಿಷ ನಲವತ್ತು ಸೆಕೆಂಡು

"ಇಪ್ಪತ್ತು ನಿಮಿಷ ಕಣೇ. ಅವರು ಬರೋಕೆ ಇಪ್ಪತ್ತು ನಿಮಿಷ ಆಯ್ತು. ಬೇಗ ಬಂದಿದ್ರೆ ಮಾವ ಉಳೀತಿದ್ರು."

ಗೆಳತಿ ಇದನ್ನು ಹೇಳಿದ್ದು 2022ರ ಅಕ್ಟೋಬರ್‌ನಲ್ಲಿ, ಅವಳ ಮಾವ ತೀರಿಕೊಂಡ ಮಾರನೇ ದಿನ. ದಾವಣಗೆರೆಯಿಂದ ಆರು ತಿಂಗಳು ಇದ್ದು ಹೋಗೋಣ ಅಂತ ಇಲ್ಲಿಗೆ, ಅಮೆರಿಕದಲ್ಲಿರುವ ಮಗನ ಮನೆಗೆ ಬಂದವರು. ಬಂದು ಎರಡು ತಿಂಗಳೂ ಆಗಿರಲಿಲ್ಲ. ಸಂಜೆ ಟೀ ಕುಡಿದು ಎದ್ದವರು ಹಾಗೇ ಕುಸಿದರು. ಮನೆಯವರು ತುರ್ತು ನೆರವಿಗೆ ಫೋನ್ ಮಾಡಿದ್ದರು. ಆಸ್ಪತ್ರೆಯಲ್ಲಿ ಮೂರು ದಿನ ಇದ್ದು ಹೋದರು. ನಾನು ಅನ್ನ, ತಿಳಿಸಾರು, ಹುರುಳಿಕಾಯಿ ಪಲ್ಯ ಮಾಡಿಕೊಂಡು ಅವರ ಮನೆಗೆ ಹೋಗಿದ್ದೆ. ಜೊತೆಗೆ ನನ್ನ ಮಗನೂ ಬಂದಿದ್ದ. ಅವನಿಗೆ ಆಗ 16 ವರ್ಷ. ಬಾಗಿಲ ಪಕ್ಕ ಚಪ್ಪಲಿ ಬಿಡುವ ಜಾಗದಲ್ಲಿ, ಅವರ ಚಿಕ್ಕ ಹುಡುಗನ ಜೊತೆ ನೆಲದ ಮೇಲೆ ಕೂತಿದ್ದ. ಗೆಳತಿ ಇಪ್ಪತ್ತು ನಿಮಿಷ ಅಂದಾಗ ತಲೆ ಎತ್ತಿ ನನ್ನನ್ನು ನೋಡಿದ. ಏನೋ ಹೇಳುತ್ತಾನೆ ಅನ್ನಿಸಿತು. ಹೇಳಲಿಲ್ಲ. ಮತ್ತೆ ತಲೆ ತಗ್ಗಿಸಿ ಆ ಹುಡುಗನ ಶೂ ಲೇಸು ಕಟ್ಟತೊಡಗಿದ.

ವಾಪಸ್ ಬರುವಾಗ ಕಾರಿನಲ್ಲಿ ಹೇಳಿದ. "ಅಮ್ಮ, ಇಪ್ಪತ್ತು ನಿಮಿಷ ಆಗಿರ್ಲಿಲ್ಲ. ಐದು ನಿಮಿಷ ನಲವತ್ತು ಸೆಕೆಂಡು. ನಾನು ಕೇಳಿಸ್ಕೊಂಡೆ."

ಆ ಸಂಜೆ ಅವನು ರೂಮಿನಲ್ಲಿ ಹೋಂವರ್ಕ್ ಮಾಡುತ್ತಾ ಎಂದಿನಂತೆ ಫೈರ್ ಇಲಾಖೆಯವರು ತಮ್ಮೊಳಗೆ ಮಾತಾಡಿಕೊಳ್ಳುವ ರೇಡಿಯೋ ಹಾಕಿಕೊಂಡಿದ್ದನಂತೆ. ರಸ್ತೆಯ ಹೆಸರು ಕೇಳಿದಾಗಲೇ ಕಿವಿ ನೆಟ್ಟಗಾಯಿತಂತೆ. ಮನೆ ನಂಬರು ಬಂದಾಗ ಪೆನ್ನು ಕೆಳಗಿಟ್ಟನಂತೆ. ಆ ರಾತ್ರಿ ಊಟ ಬೇಡ ಅಂದಿದ್ದ. ಪರೀಕ್ಷೆ ಇರಬೇಕು ಅಂತ ನಾನೂ ಸುಮ್ಮನಾಗಿದ್ದೆ. ಮಾರನೇ ದಿನ ಬೆಳಿಗ್ಗೆ ಗೆಳತಿಯ ಫೋನ್ ಬಂದಾಗ ನಾನು ಗಾಬರಿಯಿಂದ ಅವನಿಗೆ ಸುದ್ದಿ ಹೇಳಿದರೆ, "ಹೌದಾ" ಅಂದಿದ್ದ ಅಷ್ಟೆ.

"ನಿನಗೆ ಗೊತ್ತಿತ್ತಲ್ಲೋ, ನನಗೆ ಯಾಕೆ ಹೇಳ್ಲಿಲ್ಲ?" ಅಂದೆ. ನನ್ನ ದನಿಯಲ್ಲಿ ಸಿಟ್ಟು ಇತ್ತು. ಅವನು ಸ್ವಲ್ಪ ಹೊತ್ತು ಕಿಟಕಿಯ ಆಚೆ ನೋಡಿ, "ಅದು ಅವರು ಹೇಳ್ಬೇಕಾದ ಸುದ್ದಿ ಅಲ್ವಾ ಅಮ್ಮ?" ಅಂದ.

ಈ ಮಾತು ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಣ ಸಿಡಿಲಿನ ಆಗಸ್ಟ್

ಶುರುವಾಗಿದ್ದು 2020ರ ಆಗಸ್ಟ್‌ನಲ್ಲಿ. ಕೋವಿಡ್ ಕಾಲ, ಸ್ಕೂಲೆಲ್ಲ ಲ್ಯಾಪ್‌ಟಾಪ್ ಒಳಗೆ. ಆಗಸ್ಟ್ 15 ಕಳೆದು 16 ಆಗುವ ಆ ರಾತ್ರಿ ಕ್ಯಾಲಿಫೋರ್ನಿಯಾದ ನಮ್ಮ ಬೇ ಏರಿಯಾದ ಮೇಲೆ ಎಂದೂ ಕಾಣದಷ್ಟು ಮಿಂಚು ಬಂತು. ನಾನು ಹಾಸನದವಳು. ಸಿಡಿಲು ಹೊಡೆದರೆ ಹಿಂದೆಯೇ ಮಳೆ ಬರಬೇಕು. ಒಣಗಲು ಹಾಕಿದ್ದ ಬಟ್ಟೆ ತರಲು ಹಿತ್ತಲಿಗೆ ಓಡಿದೆ. ಮಳೆ ಬರಲೇ ಇಲ್ಲ. ಒಣ ಹುಲ್ಲಿನ ಗುಡ್ಡಗಳ ಮೇಲೆ ಒಣ ಸಿಡಿಲು ಬಿದ್ದು, ಎರಡು ಮೂರು ದಿನದಲ್ಲಿ ಪಶ್ಚಿಮಕ್ಕೆ ಸಾಂತಾ ಕ್ರೂಜ್ ಬೆಟ್ಟಗಳಲ್ಲಿ ಒಂದು ದೊಡ್ಡ ಬೆಂಕಿ, ಪೂರ್ವದ ಗುಡ್ಡಗಳಲ್ಲಿ ಇನ್ನೊಂದು. ನಾವು ನಡುವಿನ ಕಣಿವೆಯಲ್ಲಿ. ಪಶ್ಚಿಮದ್ದಕ್ಕೆ ಸಿಜಡ್‌ಯು ಅಂತ ಹೆಸರು, ಪೂರ್ವದ್ದಕ್ಕೆ ಎಸ್‌ಸಿಯು. ರಾಜ್ಯದ ಬೆಂಕಿಪಡೆ ಕಾಲ್ ಫೈರ್ ಇಲಾಖೆಯ ವಿಭಾಗಗಳ ಗುರುತು ಅವು. ಸಿಜಡ್‌ಯು ಬೆಂಕಿ 86 ಸಾವಿರ ಎಕರೆಗೂ ಜಾಸ್ತಿ ಸುಟ್ಟಿತು. ಸಾವಿರದ ನಾನೂರಕ್ಕೂ ಹೆಚ್ಚು ಕಟ್ಟಡಗಳು ಹೋದವು. ಎಸ್‌ಸಿಯು ಬೆಂಕಿಗೆ ಹೋದದ್ದು ಹತ್ತಿರ ಹತ್ತಿರ 4 ಲಕ್ಷ ಎಕರೆ. 1902ರಿಂದ ಕಾಪಾಡಿಕೊಂಡು ಬಂದಿದ್ದ ಬಿಗ್ ಬೇಸಿನ್‌ನ ರೆಡ್‌ವುಡ್ ಕಾಡು, ನಾವು ಪ್ರತಿ ವರ್ಷ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ ಜಾಗ, ಅದೂ ಉರಿಯಿತು.

ಆ ವಾರದ ಒಂದು ರಾತ್ರಿ ಎರಡು ಗಂಟೆ ಸುಮಾರಿಗೆ ನೀರು ಕುಡಿಯಲು ಎದ್ದೆ. ಮಗನ ರೂಮಿನ ಬಾಗಿಲ ಕೆಳಗೆ ಬೆಳಕು. ಯಾರೋ ಗಂಡಸಿನ ದನಿ. ಆಟ ಆಡ್ತಿದ್ದಾನೆ ಅಂತ ಬೈಯಲು ಬಾಗಿಲು ತೆಗೆದೆ. ಅವನು ನೆಲದ ಮೇಲೆ ರಸ್ತೆ ನಕ್ಷೆ ಹರಡಿಕೊಂಡು, ಪೆನ್ಸಿಲ್ ಹಿಡಿದು ಕೂತಿದ್ದ. ಪಕ್ಕದಲ್ಲಿ ಹಳೇ ಫೋನು. ಬ್ರಾಡ್‌ಕಾಸ್ಟಿಫೈ ಅಂತ ಒಂದು ತಾಣ ಇದೆ. ಊರೂರಿನ ಹವ್ಯಾಸಿಗಳು ತಮ್ಮ ಮನೆಯ ಸ್ಕ್ಯಾನರ್‌ಗೆ, ಅಂದರೆ ಇಂಥ ಮಾತು ಹಿಡಿಯುವ ರೇಡಿಯೋ ಪೆಟ್ಟಿಗೆಗೆ, ಬರುವ ಪೊಲೀಸ್, ಫೈರ್, ಆಂಬುಲೆನ್ಸ್ ರೇಡಿಯೋವನ್ನು ಇಂಟರ್ನೆಟ್‌ಗೆ ಹಾಕುತ್ತಾರೆ. ಅದರಲ್ಲಿ ಬೆಟ್ಟದ ಮೇಲಿನ ಬೆಂಕಿಯವರ ಮಾತು ಬರುತ್ತಿತ್ತು.

ಬೈಯಲಿಲ್ಲ. ನಾನೂ ಕೂತೆ. ಒಬ್ಬರು ಯಾವುದೋ ಕಾಡುರಸ್ತೆಯ ಹೆಸರು ಹೇಳಿ ಇನ್ನೂ ಐದು ಫೈರ್ ಎಂಜಿನ್ ಬೇಕು ಅಂದರು. ಆ ಕಡೆಯಿಂದ ಬಂದ ಉತ್ತರದಲ್ಲಿ ನನಗೆ ಕೇಳಿಸಿದ್ದು ಮೂರು ಅಕ್ಷರ, ಯುಟಿಎಫ್. ಮಗ ಮೆಲ್ಲಗೆ ಹೇಳಿದ: "ಅಂದ್ರೆ ಕೊಡೋಕೆ ಇಲ್ಲ ಅಂತ. ಕೇಳಿದ್ದು ಎಲ್ಲೂ ಇಲ್ಲ." ಇಡೀ ರಾಜ್ಯದಲ್ಲಿ ನೂರಾರು ಕಡೆ ಬೆಂಕಿ ಬಿದ್ದಿತ್ತು, ಎಂಜಿನ್ ಎಲ್ಲಿಂದ ಬರಬೇಕು? ಕೇಳಿದ ಮನುಷ್ಯ ಒಂದೆರಡು ಕ್ಷಣ ಸುಮ್ಮನಿದ್ದು "ಕಾಪಿ" ಅಂದರು, ಗೊತ್ತಾಯ್ತು ಅಂತ. ಕೂಗಲಿಲ್ಲ. ಬೈಯಲಿಲ್ಲ. ಒಂದು ನಿಮಿಷ ಬಿಟ್ಟು ಮತ್ತೆ ಬಂದು, ಇದ್ದ ಎರಡು ಎಂಜಿನ್‌ಗಳನ್ನೇ ಯಾವ ಮನೆಯ ಹತ್ತಿರ ನಿಲ್ಲಿಸುತ್ತೇನೆ ಅಂತ ಹೇಳಿದರು. ಅದೇ ದನಿ, ಅದೇ ನಿಧಾನ. ನನ್ನ ಮಗ ನಕ್ಷೆಯಲ್ಲಿ ಆ ಜಾಗಕ್ಕೆ ಸಣ್ಣದೊಂದು ಸುತ್ತು ಹಾಕಿದ.

ಆ ದನಿಯನ್ನು ನಾನು ಇವತ್ತಿಗೂ ಗುರುತು ಹಿಡಿಯಬಲ್ಲೆ. ಟಿವಿಯಲ್ಲಿ ಅದೇ ಬೆಂಕಿಯನ್ನು ಇಡೀ ದಿನ ನೋಡಿದ್ದೆ. ಎಲ್ಲ ಕಿರುಚಾಟ. ನಿಜವಾಗಿ ಅಲ್ಲಿ ನಿಂತವರು ಇಷ್ಟು ಸಣ್ಣ ದನಿಯಲ್ಲಿ ಮಾತಾಡುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಸೆಪ್ಟೆಂಬರ್ 9ರಂದು ಹೊಗೆಗೆ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿ, ಬೆಳಿಗ್ಗೆ ಹತ್ತು ಗಂಟೆಗೆ ಬೀದಿ ದೀಪ ಉರಿಯುತ್ತಿತ್ತಲ್ಲ, ಆ ದಿನ ನಾನು ಅಡುಗೆಮನೆಯಲ್ಲಿ ನಡುಗುತ್ತಿದ್ದೆ. ಮಗ ಬಂದು, "ಹೊಸ ಬೆಂಕಿ ಏನಿಲ್ಲ ಅಮ್ಮ, ಇಲ್ಲಿ ಹತ್ತಿರ ಏನೂ ಇಲ್ಲ, ಬೆಳಿಗ್ಗೆಯಿಂದ ಕೇಳ್ತಿದ್ದೀನಿ" ಅಂದ. ಆ ಮಾತಿಗೆ ನನ್ನ ಕೈ ನಡುಕ ನಿಂತಿತು.

ಹದಿನಾರರ ಹುಡುಗರ ಕಿವಿ

ಬೆಂಕಿ ಆರಿತು, ಕೇಳುವುದು ನಿಲ್ಲಲಿಲ್ಲ. ಹುಟ್ಟುಹಬ್ಬಕ್ಕೆ ಸ್ಕ್ಯಾನರ್ ಕೇಳಿದ. ಈಗಿನ ಡಿಜಿಟಲ್ ರೇಡಿಯೋವನ್ನು ಚೆನ್ನಾಗಿ ಹಿಡಿಯುವ ಯೂನಿಡೆನ್ ಸ್ಕ್ಯಾನರ್‌ಗೆ 600 ಡಾಲರ್ ಮೇಲೆ. ಆಗಲ್ಲ ಅಂದೆ. ಅವನು 30 ಡಾಲರ್‌ನ ಒಂದು ಯುಎಸ್‌ಬಿ ಕಡ್ಡಿ ತರಿಸಿಕೊಂಡ. ಮೂಲದಲ್ಲಿ ಅದು ಕಂಪ್ಯೂಟರ್‌ನಲ್ಲಿ ಟಿವಿ ನೋಡಲು ಮಾಡಿದ ವಸ್ತು. ಅದರೊಳಗಿನ ಚಿಪ್ಪಿನಿಂದ ಬೇರೆ ರೇಡಿಯೋ ಅಲೆಗಳನ್ನೂ ಹಿಡಿಯಬಹುದು ಅಂತ 2012ರಲ್ಲಿ ಹವ್ಯಾಸಿಗಳು ಕಂಡುಕೊಂಡರು. ಅಲ್ಲಿಂದ ಈ ಹವ್ಯಾಸ ಮಕ್ಕಳ ಪಾಕೆಟ್ ಮನಿಗೆ ಎಟುಕುವಂತಾಯಿತು. ಉಳಿದದ್ದೆಲ್ಲ ಲ್ಯಾಪ್‌ಟಾಪ್, ಪುಕ್ಕಟೆ ಸಾಫ್ಟ್‌ವೇರ್, ಮತ್ತೆ ತಾಳ್ಮೆ.

ತಾಳ್ಮೆ ಅಂದೆ, ಯಾಕೆಂದರೆ ಇದು ಎಫ್‌ಎಂ ಹಾಕಿದ ಹಾಗಲ್ಲ. ಹಲವು ದೊಡ್ಡ ಊರುಗಳಲ್ಲಿ ಒಂದು ಇಲಾಖೆಗೆ ಒಂದು ಕಾಯಂ ಚಾನೆಲ್ ಅಂತ ಇರುವುದಿಲ್ಲ. ಕೆಲವೇ ಫ್ರೀಕ್ವೆನ್ಸಿಗಳನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ಯಾರಾದರೂ ಮಾತಾಡಲು ಗುಂಡಿ ಒತ್ತಿದರೆ ಖಾಲಿ ಇರುವ ಫ್ರೀಕ್ವೆನ್ಸಿಯನ್ನು ಕಂಪ್ಯೂಟರ್ ಅವರಿಗೆ ಕೊಡುತ್ತದೆ. ಬ್ಯಾಂಕಿನಲ್ಲಿ ಟೋಕನ್ ನಂಬರ್ ಕೂಗಿ ಇಂಥ ಕೌಂಟರ್‌ಗೆ ಹೋಗಿ ಅಂತಾರಲ್ಲ, ಹಾಗೆ. ಆ ಟೋಕನ್ ಕೂಗುವ ಚಾನೆಲ್ ಅನ್ನು ಮೊದಲು ಹಿಡಿಯಬೇಕು. ಜೊತೆಗೆ ಒಂದೇ ಮಾತನ್ನು ನಾಲ್ಕೈದು ಟವರ್‌ಗಳು ಒಟ್ಟಿಗೆ ಕಳಿಸುವುದರಿಂದ, ಕೂದಲೆಳೆಯಷ್ಟು ಹಿಂದೆ ಮುಂದೆ ಬಂದ ಸಿಗ್ನಲ್‌ಗಳು ಅಗ್ಗದ ಉಪಕರಣದಲ್ಲಿ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ನನ್ನ ಮಗ ಮೂರು ವಾರ ಆಂಟೆನಾ ಹಿಡಿದುಕೊಂಡು ಮನೆಯೆಲ್ಲ ಸುತ್ತಿದ. ಕೊನೆಗೆ ಬಚ್ಚಲುಮನೆಯ ಕಿಟಕಿಯಲ್ಲಿ, ಒಂದೇ ಟವರ್ ಕಾಣುವ ಮೂಲೆಯಲ್ಲಿ, ದನಿ ತಿಳಿಯಾಯಿತು. ಇವತ್ತಿಗೂ ನಮ್ಮ ಮನೆಗೆ ಬಂದವರು ಬಚ್ಚಲ ಕಿಟಕಿಯಲ್ಲಿ ಆ ತಂತಿ ಏನು ಅಂತ ಕೇಳುತ್ತಾರೆ.

ಅವನ ಹಾಗೆ ಕೇಳುವ ಹುಡುಗರು ಇನ್ನೂ ನಾಲ್ಕೈದು ಜನ ಇದ್ದರು. ಒಬ್ಬ ವಿಯೆಟ್ನಾಂ ಮನೆಯವನು, ಒಬ್ಬಳು ಮೆಕ್ಸಿಕನ್ ಹುಡುಗಿ, ಒಬ್ಬ ತಮಿಳರ ಹುಡುಗ. ಅವರ ಮಾತು ನನಗೆ ಮೊದಮೊದಲು ಅರ್ಥವೇ ಆಗುತ್ತಿರಲಿಲ್ಲ. ಯಾವ ಎಂಜಿನ್ ಯಾವ ಸ್ಟೇಷನ್ನಿನದು, ಯಾವ ಡಿಸ್ಪ್ಯಾಚರ್ (ರೇಡಿಯೋದಲ್ಲಿ ಹೇಳಿ ಎಂಜಿನ್‌ಗಳನ್ನು ಕಳಿಸುವವರು) ರಾತ್ರಿ ಪಾಳಿಯಲ್ಲಿ ಇರುತ್ತಾರೆ, ಎಲ್ಲ ಬಾಯಿಪಾಠ. ಮುಖ ನೋಡಿಲ್ಲ, ಹೆಸರು ಗೊತ್ತಿಲ್ಲ, ದನಿಯಿಂದಲೇ ಗುರುತು. "ಇವತ್ತು ಅವರಿಗೆ ನೆಗಡಿ" ಅಂತ ಹೇಳುವಷ್ಟು. ಫೋನಿನಲ್ಲಿ ನಮ್ಮ ಉದ್ದನೆಯ ಹೆಸರು ಬಿಡಿಸಿ ಹೇಳುವಾಗ ಅವನ ಬಾಯಲ್ಲಿ ಪೊಲೀಸರ ಅಕ್ಷರಮಾಲೆಯೇ ಬರುತ್ತಿತ್ತು, ಆಡಮ್, ಬಾಯ್, ಚಾರ್ಲ್ಸ್, ಡೇವಿಡ್ ಅಂತ. ಒಂದು ಬೆಳಿಗ್ಗೆ ಎಲ್ಲರೂ ಒಂದೇ ಹೊತ್ತಿಗೆ ರೇಡಿಯೋ ಹಾಕಿಕೊಂಡು ಕಾದಿದ್ದರು. ಯಾಕೆ ಅಂದರೆ, ಒಬ್ಬ ಹಿರಿಯ ಕ್ಯಾಪ್ಟನ್ ನಿವೃತ್ತಿಯ ದಿನ. ಪಾಳಿ ಮುಗಿದ ಮೇಲೆ ಡಿಸ್ಪ್ಯಾಚರ್ ಅವರ ಹೆಸರು ಹೇಳಿ, ಸೇವೆಗೆ ವಂದನೆ ಹೇಳಿ, ಕೊನೆಯ ಸಲ ಕರೆದರು. ಅವರು ಒಂದೇ ಒಂದು ಸಾಲು ಉತ್ತರ ಕೊಟ್ಟರು. ನನ್ನ ಮಗನ ಕಣ್ಣು ತುಂಬಿತ್ತು. ಆ ಮನುಷ್ಯನನ್ನು ಅವನು ಎಂದೂ ನೋಡಿಲ್ಲ.

ಇದು ಇಲ್ಲಿ ಹೊಸದೂ ಅಲ್ಲ. ಡೆಟ್ರಾಯ್ಟ್ ಪೊಲೀಸರು 1928ರಲ್ಲಿ ಗಸ್ತು ಕಾರುಗಳಿಗೆ ರೇಡಿಯೋ ಹಾಕಿದರು. ಆಮೇಲಿನ ವರ್ಷಗಳಲ್ಲಿ ಜನ ಮನೆಯ ರೇಡಿಯೋದ ಮುಳ್ಳನ್ನು ಕೊನೆಗೆ ತಿರುಗಿಸಿದರೆ ಪೊಲೀಸರ ಮಾತು ಕೇಳುತ್ತಿತ್ತು. ಫಿಲ್ಮ್ ಬಫ್ ಅಂತೀವಲ್ಲ, ಆ ಬಫ್ ಅನ್ನುವ ಪದ ಹುಟ್ಟಿದ್ದೇ ನ್ಯೂಯಾರ್ಕ್‌ನಲ್ಲಿ ಬೆಂಕಿ ನೋಡಲು ಓಡುತ್ತಿದ್ದವರಿಂದ. ಹಳೇ ಕಾಲದ ಸ್ವಯಂಸೇವಕ ಬೆಂಕಿಪಡೆಯವರ ಕೋಟಿನ ಮಾಸಲು ಹಳದಿ, ಅಂದರೆ ಬಫ್, ಬಣ್ಣದಿಂದ ಬಂದ ಹೆಸರು. ಬೀಗ ಹಾಕದ, ಅಂದರೆ ಮಾತನ್ನು ಗುಪ್ತ ಸಂಕೇತಕ್ಕೆ ತಿರುಗಿಸದ, ತುರ್ತು ಸೇವೆಯ ರೇಡಿಯೋ ಕೇಳುವುದು ತಪ್ಪಲ್ಲ ಅಂತ ಇಲ್ಲಿನ 1986ರ ಫೆಡರಲ್ ಕಾನೂನಿನಲ್ಲೇ ಇದೆ. ಮೊಬೈಲ್ ಮಾತು ಹಿಡಿದು ಕೇಳಿದರೆ ಅಪರಾಧ. ಮಗ ನನಗೆ ಇದನ್ನೆಲ್ಲ ಪ್ರಿಂಟ್ ತೆಗೆದು ತೋರಿಸಿದ್ದ, ನಾನು ಹೆದರುತ್ತೇನೆ ಅಂತ.

ನನ್ನ ಹೆದರಿಕೆ ಕಾನೂನಿನದಾಗಿರಲಿಲ್ಲ. ಬೇರೆಯವರ ಮನೆಯ ಕಷ್ಟವನ್ನು ಕೂತು ಕೇಳುವುದು ಯಾವ ಹವ್ಯಾಸ? ಬಿದ್ದ ಅಜ್ಜಿ, ಉಸಿರು ಕಟ್ಟಿದ ಮಗು, ಹೈವೇಯಲ್ಲಿ ಮಗುಚಿದ ಕಾರು. ಇದರಲ್ಲಿ ಖುಷಿ ಎಲ್ಲಿಂದ ಬರುತ್ತೆ? ಒಂದು ಸಲ ನೇರವಾಗಿ ಕೇಳಿದೆ. ಅವನು ಬಹಳ ಯೋಚಿಸಿ ಹೇಳಿದ: "ಯಾರಿಗೋ ಏನೋ ಆಗ್ತಿದೆ ಅನ್ನೋದಲ್ಲಮ್ಮ. ಆದ ತಕ್ಷಣ ಯಾರೋ ಎದ್ದು ಹೊರಡ್ತಾರಲ್ಲ, ಅದನ್ನ ಕೇಳೋದು."

ಹಾಸನದ ಜಗಲಿ

ಅವನನ್ನು ಪ್ರಶ್ನೆ ಮಾಡುವಾಗಲೆಲ್ಲ ನನಗೆ ಒಂದು ಹಳೇ ಸಂಜೆ ನೆನಪಾಗುತ್ತಿತ್ತು. ಇದನ್ನು ನಾನು ಅವನಿಗೂ ಬಹಳ ವರ್ಷ ಹೇಳಿರಲಿಲ್ಲ.

1989ನೇ ಇಸವಿ ಇರಬೇಕು, ನನಗೆ ಹತ್ತು ವರ್ಷ. ಹಾಸನದಲ್ಲಿ ನಮ್ಮ ಎದುರು ಮನೆಯಲ್ಲಿ ಒಬ್ಬರು ಹೆಡ್ ಕಾನ್‌ಸ್ಟೇಬಲ್ ಇದ್ದರು. ಪೊಲೀಸ್ ಮಾಮ ಅಂತ ಕರೆಯುತ್ತಿದ್ದೆವು. ಊಟಕ್ಕೆ ಮನೆಗೆ ಬಂದಾಗ ಅವರ ವಾಕಿಟಾಕಿಯನ್ನು ಜಗಲಿಯ ಕಟ್ಟೆ ಮೇಲೆ ನಿಲ್ಲಿಸಿ ಒಳಗೆ ಹೋಗುತ್ತಿದ್ದರು. ನಾವು ಮಕ್ಕಳು ಅದರ ಸುತ್ತ ಕೂರುತ್ತಿದ್ದೆವು. "ಕಂಟ್ರೋಲ್, ಕಂಟ್ರೋಲ್", ಗರಗರ ಸದ್ದು, ಮತ್ತೆ ಯಾರದೋ ದನಿ. ಮುಟ್ಟುವ ಹಾಗಿಲ್ಲ. ಕೇಳಬಹುದು. ನಮಗೆ ಅದು ಬೇರೆ ಯಾವ ಆಟಕ್ಕಿಂತ ಜಾಸ್ತಿ. ಮಾಮನ ಹೆಂಡತಿ, ನಾವು ಅತ್ತೆ ಅನ್ನುತ್ತಿದ್ದೆವು, ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದರು: "ಇಲ್ಲಿ ಕೇಳಿದ್ದು ಇಲ್ಲೇ ಬಿಟ್ಟು ಹೋಗ್ಬೇಕು, ತಿಳೀತಾ?"

ಒಂದು ದಿನ ಸಂಜೆ ಶಿರಾಡಿ ಘಾಟಿಯಲ್ಲಿ ಬಸ್ಸು ಬಿದ್ದಿದೆ ಅಂತ ಬಂತು. ಮಂಗಳೂರಿನ ಬಸ್ಸು. ಮಾಮ ತಟ್ಟೆ ಸರಿಸಿ, ಕೈ ತೊಳೆದು, ಟೋಪಿ ಹಾಕಿಕೊಂಡು ಹೊರಟರು. ನಾನು ಮನೆಗೆ ಓಡಿದೆ. ಅಡುಗೆಮನೆಯಲ್ಲಿ ಅಮ್ಮನ ಜೊತೆ ಪಕ್ಕದ ಮನೆಯ ಟೀಚರ್ ಕೂತಿದ್ದರು. ಅವರ ಗಂಡ ಅವತ್ತು ಮಂಗಳೂರಿಂದ ಬರುವವರಿದ್ದರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಏದುಸಿರು ಬಿಡುತ್ತಾ, ಮಂಗಳೂರು ಬಸ್ಸು ಬಿತ್ತಂತೆ ಅಂತ ಕೂಗಿಕೊಂಡೆ. ಎಷ್ಟು ಗಂಟೆಯ ಬಸ್ಸು, ಈ ಕಡೆ ಬರುವುದೋ ಆ ಕಡೆ ಹೋಗುವುದೋ, ಏನೂ ಗೊತ್ತಿಲ್ಲ. ಸುದ್ದಿ ಮೊದಲು ತಂದವಳು ನಾನು, ಅಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಆ ಹೆಂಗಸು ಗೋಡೆಗೆ ಒರಗಿ ಹಾಗೇ ಜಾರಿ ಕೂತದ್ದು ನನ್ನ ಕಣ್ಣ ಮುಂದೆ ಈಗಲೂ ಇದೆ. ಫೋನ್ ಇಲ್ಲದ ಕಾಲ. ರಾತ್ರಿ ಇಡೀ ಬೀದಿ ಅವರ ಮನೆಯಲ್ಲಿ ಇತ್ತು. ಅವರ ಗಂಡ ಬೆಳಗಿನ ಜಾವ ಬಂದರು. ಘಾಟಿಯಲ್ಲಿ ದಾರಿ ಕಟ್ಟಿದ್ದಕ್ಕೆ ಹಿಂದಿನ ಬಸ್ಸಿನಲ್ಲಿ ರಾತ್ರಿಯೆಲ್ಲ ಕಾದಿದ್ದರು. ಅವರಿಗೆ ಏನೂ ಆಗಿರಲಿಲ್ಲ.

ಯಾರೂ ನನಗೆ ಹೊಡೆಯಲಿಲ್ಲ. ಆ ಟೀಚರ್ ಕೂಡ ಏನೂ ಅನ್ನಲಿಲ್ಲ. ಎದುರು ಮನೆಯ ಅತ್ತೆ ಮಾತ್ರ ಆಮೇಲೆ ವಾಕಿಟಾಕಿಯನ್ನು ಜಗಲಿಯಲ್ಲಿ ಇಡಲು ಬಿಡಲಿಲ್ಲ.

ನಾನು ಹತ್ತನೇ ವಯಸ್ಸಿನಲ್ಲಿ ಮಾಡಿದ್ದನ್ನೇ ದೊಡ್ಡವರು ಸಾವಿರಗಟ್ಟಲೆ ಜನ ಸೇರಿ ಮಾಡಿದ್ದು 2013ರಲ್ಲಿ. ಬಾಸ್ಟನ್ ಮ್ಯಾರಥಾನ್ ಬಾಂಬ್ ಆದಮೇಲೆ ಏಪ್ರಿಲ್ 18 ಕಳೆದು 19 ಆಗುವ ರಾತ್ರಿ ಜಗತ್ತೆಲ್ಲ ಕೂತು ಬಾಸ್ಟನ್ ಪೊಲೀಸ್ ಸ್ಕ್ಯಾನರ್ ಕೇಳುತ್ತಿತ್ತು. ಭಾರತೀಯ ಮೂಲದ ಒಬ್ಬ ವಿದ್ಯಾರ್ಥಿಯ ಹೆಸರನ್ನು ಪೊಲೀಸರು ರೇಡಿಯೋದಲ್ಲಿ ಹೇಳಿದರು ಅಂತ ಯಾರೋ ಬರೆದರು, ಅದು ಬೆಳಗಾಗುವಷ್ಟರಲ್ಲಿ ಎಲ್ಲ ಕಡೆ ಹಬ್ಬಿತು. ಆ ಹುಡುಗ ಅದಕ್ಕೂ ಒಂದು ತಿಂಗಳ ಮೊದಲೇ ಕಾಣೆಯಾಗಿದ್ದ, ಮನೆಯವರು ಹುಡುಕುತ್ತಿದ್ದರು. ಅವನಿಗೂ ಬಾಂಬಿಗೂ ಏನೇನೂ ಸಂಬಂಧ ಇರಲಿಲ್ಲ. ಕೆಲವೇ ದಿನದಲ್ಲಿ ಅವನ ಶವ ಸಿಕ್ಕಿತು. ಆಮೇಲೆ ಆ ರಾತ್ರಿಯ ಧ್ವನಿಮುದ್ರಣ ತಿರುಗಿಸಿ ಕೇಳಿದವರಿಗೆ ಅವನ ಹೆಸರು ಅದರಲ್ಲಿ ಸಿಗಲೇ ಇಲ್ಲ. ಆ ತಾಯಿಗೆ ಆ ರಾತ್ರಿ ಬಂದ ಫೋನುಗಳನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ.

ಇದನ್ನು ಮಗನಿಗೆ ಹೇಳಿದಾಗ ಅವನಿಗೆ ಆಗಲೇ ಗೊತ್ತಿತ್ತು. ಅವರ ಗುಂಪಿನಲ್ಲಿ ಹೊಸಬರು ಯಾರಾದರೂ ಬಂದರೆ ಮೊದಲು ಹೇಳುವ ಕತೆಯೇ ಇದಂತೆ. ಮನೆ ನಂಬರು ಬರೆಯಬಾರದು, ಹೆಸರು ಬರೆಯಬಾರದು, ರೇಡಿಯೋದಲ್ಲಿ ಮೊದಲ ಹತ್ತು ನಿಮಿಷ ಬರುವುದು ಅರ್ಧಕ್ಕರ್ಧ ತಪ್ಪಿರಬಹುದು ಅಂತ ತಿಳಿದಿರಬೇಕು. ಈ ನಿಯಮಗಳನ್ನು ಯಾವ ದೊಡ್ಡವರೂ ಅವರಿಗೆ ಕಲಿಸಿದ್ದಲ್ಲ. ಹದಿನೈದು ಹದಿನಾರರ ಮಕ್ಕಳು ತಾವೇ ಮಾಡಿಕೊಂಡದ್ದು.

ಬೀಗ

2020ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯ ಇಲಾಖೆ ಪೊಲೀಸರಿಗೆ ಒಂದು ಸುತ್ತೋಲೆ ಕಳಿಸಿತು. ಜನರ ಲೈಸೆನ್ಸ್ ನಂಬರು, ಹುಟ್ಟಿದ ದಿನ, ಇಂಥವೆಲ್ಲ ಬಯಲು ರೇಡಿಯೋದಲ್ಲಿ ಹೋಗಬಾರದು ಅಂತ. ಅದನ್ನು ಪಾಲಿಸಲು ಎರಡು ದಾರಿ ಇತ್ತು. ಆ ವಿವರಗಳನ್ನು ಮಾತ್ರ ಬೇರೆ ರೀತಿ ಕಳಿಸುವುದು, ಅಥವಾ ಇಡೀ ಚಾನೆಲ್ಲಿಗೇ ಎನ್‌ಕ್ರಿಪ್ಷನ್ ಬೀಗ ಹಾಕುವುದು. ನಮ್ಮ ಸುತ್ತಲಿನ ಹಲವು ಪೊಲೀಸ್ ಇಲಾಖೆಗಳು ಬೀಗ ಹಾಕಿದವು. ಪಾಲೋ ಆಲ್ಟೋದಲ್ಲಿ 2021ರ ಜನವರಿಯಲ್ಲಿ ಹಾಕಿದರು. ಅಲ್ಲಿಯ ಜನ, ಪತ್ರಿಕೆಯವರು ಬಿಡದೆ ಕೇಳಿದ್ದಕ್ಕೆ 2022ರಲ್ಲಿ ತೆಗೆದು, ಖಾಸಗಿ ವಿವರಗಳಿಗೆ ಮಾತ್ರ ಬೇರೆ ದಾರಿ ಮಾಡಿಕೊಂಡರು. ನ್ಯೂಯಾರ್ಕ್ ಪೊಲೀಸರು 2023ರಲ್ಲಿ ಬ್ರೂಕ್ಲಿನ್‌ನಿಂದ ಬೀಗ ಹಾಕುತ್ತಾ ಬಂದರು.

ಇದರಲ್ಲಿ ನನ್ನ ಅಭಿಪ್ರಾಯ ಒಂದೇ ಕಡೆ ನಿಂತಿಲ್ಲ. ಗೆಳತಿಯ ಮನೆಯ ಸಂಗತಿಗೆ ಮುಂಚೆ ಕೇಳಿದ್ದರೆ, ಎಲ್ಲಕ್ಕೂ ಬೀಗ ಹಾಕಲಿ ಅನ್ನುತ್ತಿದ್ದೆ. ನನ್ನ ಮನೆಯಲ್ಲಿ ನಾನು ಬಿದ್ದರೆ ಊರಿಗೆಲ್ಲ ಯಾಕೆ ತಿಳಿಯಬೇಕು? ಈಗ ಹಾಗೆ ಅನ್ನಿಸುವುದಿಲ್ಲ. 2021ರಲ್ಲಿ ಸೊನೋಮಾ ಕಡೆಯ ಒಬ್ಬರು ವಾಚ್ ಡ್ಯೂಟಿ ಅಂತ ಲಾಭದ ಉದ್ದೇಶವಿಲ್ಲದ ಒಂದು ಆ್ಯಪ್ ಶುರು ಮಾಡಿದರು. ಅದರ ಹಿಂದೆ ಇರುವವರು ಇಂಥ ಕೇಳುಗರೇ. ನಿವೃತ್ತ ಡಿಸ್ಪ್ಯಾಚರ್‌ಗಳು, ಬೆಂಕಿಪಡೆಯಲ್ಲಿ ಇದ್ದವರು, ಹವ್ಯಾಸಕ್ಕೆ ಸ್ಕ್ಯಾನರ್ ಹಿಡಿದವರು. ಕಾಳ್ಗಿಚ್ಚಿನ ರೇಡಿಯೋ ಕೇಳಿ, ತಾಳೆ ನೋಡಿ, ನಕ್ಷೆಯಲ್ಲಿ ಹಾಕುತ್ತಾರೆ. 2025ರ ಜನವರಿಯಲ್ಲಿ ಲಾಸ್ ಏಂಜಲಿಸ್ ಉರಿಯುವಾಗ ಅಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಯಾವ ಕಡೆಗೆ ಕಾರು ತಿರುಗಿಸಬೇಕು ಅಂತ ತಿಳಿದದ್ದು ಆ ಆ್ಯಪ್ ನೋಡಿ. ಆ ರಾತ್ರಿ ಎಲ್ಲೋ ಒಂದು ರೂಮಿನಲ್ಲಿ, ನಕ್ಷೆ ಹರಡಿಕೊಂಡು ಪೆನ್ಸಿಲ್ ಹಿಡಿದ ಯಾರೋ ಒಬ್ಬರು ಅವಳಿಗಾಗಿ ಎದ್ದಿದ್ದರು.

ನಮ್ಮಲ್ಲಿ ಫೈರ್ ಮತ್ತು ಆಂಬುಲೆನ್ಸ್ ಕರೆಗಳು ತೆರೆದೇ ಇದ್ದವು. ಹಾಗಾಗಿ ಮಗನಿಗೆ ಆ ಸಂಜೆ ಕೇಳಿಸಿತು.

ಫೈಲು

ಅವನು ಕೇಳಿದ್ದು ಮಾತ್ರ ಅಲ್ಲ, ಅವನ ಲ್ಯಾಪ್‌ಟಾಪ್ ಪ್ರತಿ ಕರೆಯನ್ನೂ ಗಂಟೆ ನಿಮಿಷದ ಸಮೇತ ಫೈಲ್ ಮಾಡಿ ಇಡುತ್ತಿತ್ತು. ಕರೆ ಹೋದದ್ದರಿಂದ ಎಂಜಿನ್ ಅವರ ಮನೆ ಮುಂದೆ ನಿಂತದ್ದಕ್ಕೆ ಐದು ನಿಮಿಷ ನಲವತ್ತು ಸೆಕೆಂಡು. ಅದಕ್ಕೆ ಮುಂಚೆ ಫೋನಿನಲ್ಲಿ ಮಾತಾಡಿದ್ದು ಒಂದು ನಿಮಿಷ ಇರಬಹುದು, ಅದು ರೇಡಿಯೋದಲ್ಲಿ ಬರುವುದಿಲ್ಲ. ಆಂಬುಲೆನ್ಸ್ ಬಂದದ್ದು ಹನ್ನೊಂದನೇ ನಿಮಿಷಕ್ಕೆ.

ಹನ್ನೊಂದು ಅಂತ ಕೇಳಿದಾಗ ನನಗೆ ಹೊಳೆಯಿತು. ನಾವು ಊರಿಂದ ಬಂದವರು ಕಾಯುವುದು ಆಂಬುಲೆನ್ಸಿಗೆ. ಇಲ್ಲಿ ಎದೆನೋವು ಅಂದರೂ ಮೊದಲು ಬರುವುದು ಕೆಂಪು ಫೈರ್ ಎಂಜಿನ್. ಅವರಿಗೆ ಬರುವ ಕರೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಯಿಲೆ, ಗಾಯದ್ದೇ. ನಮ್ಮ ಕೌಂಟಿಯಲ್ಲಿ ಎಂಜಿನ್ ಮೇಲೆ ಪ್ಯಾರಾಮೆಡಿಕ್, ಅಂದರೆ ತುರ್ತು ಚಿಕಿತ್ಸೆ ಕೊಡಬಲ್ಲವರು, ಇರುತ್ತಾರೆ. ಗೆಳತಿ ನನಗೆ ಹೇಳುವಾಗಲೂ "ಯಾರೋ ಫೈರ್‌ನವರು ಬಂದ್ರು, ಆಮೇಲೆ ಎಷ್ಟೋ ಹೊತ್ತಾದ ಮೇಲೆ ಆಂಬುಲೆನ್ಸ್" ಅಂದಿದ್ದಳು. ಆ ಫೈರ್‌ನವರೇ ನೆರವು, ಅವರು ಬಂದಾಗಲೇ ಚಿಕಿತ್ಸೆ ಶುರುವಾಯಿತು ಅಂತ ಅವಳಿಗೆ ಆ ಹೊತ್ತಲ್ಲಿ ಯಾರು ಹೇಳಬೇಕು? ಅಷ್ಟರಲ್ಲಿ ಅವಳ ಗಂಡ, ಫೋನಿನಲ್ಲಿ ಹೇಳಿಕೊಟ್ಟ ಹಾಗೆ, ಅಪ್ಪನ ಎದೆ ಒತ್ತುತ್ತಲೇ ಇದ್ದರು. ರೇಡಿಯೋದಲ್ಲಿ ಅದೂ ಬಂದಿತ್ತು: ಮಗ ಸಿಪಿಆರ್ ಮಾಡುತ್ತಿದ್ದಾರೆ ಅಂತ.

ನನಗೆ ಆ ರಾತ್ರಿಯೇ ಅವಳಿಗೆ ಫೋನ್ ಮಾಡಿ ಹೇಳಿಬಿಡೋಣ ಅನ್ನಿಸಿತು. ಮಗ ತಡೆದ. "ಈಗ ಬೇಡಮ್ಮ. ಅವರ ಮನೆಯಲ್ಲಿ ಆಗಿದ್ದನ್ನ ನಾವು ನಮ್ಮ ಮನೆಯಲ್ಲಿ ಕೂತು ಕೇಳಿದ್ವಿ ಅಂತ ಗೊತ್ತಾದ್ರೆ ಅವರಿಗೆ ಹೇಗಾಗುತ್ತೆ?" ಅದು ನಿಜ. ನನಗೇ ಮೊದಲು ಅನ್ನಿಸಬೇಕಿತ್ತು. ಆದರೆ ಇನ್ನೊಂದು ನಿಜವೂ ಇತ್ತು. ಪ್ರತಿ ಸಲ ಭೇಟಿಯಾದಾಗ ಅವಳು ಇಪ್ಪತ್ತು ನಿಮಿಷ ಅನ್ನುತ್ತಿದ್ದಳು. ಅವಳ ಗಂಡ ಅದಕ್ಕಿಂತ ಕಷ್ಟದಲ್ಲಿದ್ದರು. ಕನ್ನಡ ಕೂಟದ ದೀಪಾವಳಿಗೆ ಬರಲಿಲ್ಲ, ಯುಗಾದಿಗೆ ಬರಲಿಲ್ಲ. ತಾನು ಸರಿಯಾಗಿ ಒತ್ತಲಿಲ್ಲ, ಒಂದು ನಿಮಿಷ ಮೊದಲೇ ಫೋನ್ ಮಾಡಬೇಕಿತ್ತು ಅಂತ ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ನಮ್ಮ ಮನೆಯಲ್ಲಿ ಒಂದು ಫೋಲ್ಡರ್‌ನಲ್ಲಿ ಆ ಸಂಜೆಯ ಲೆಕ್ಕ ಸುಮ್ಮನೆ ಕೂತಿತ್ತು. ಕೆಲವು ರಾತ್ರಿ ಅದು ನನಗೆ ನಿದ್ದೆ ಕೊಡುತ್ತಿರಲಿಲ್ಲ. ಹಾಸನದಲ್ಲಿ ಹೇಳಿ ಒಬ್ಬರನ್ನು ಗೋಡೆಗೆ ಒರಗಿಸಿದ್ದೆ. ಇಲ್ಲಿ ಹೇಳದೆ ಇಬ್ಬರನ್ನು ಹಾಗೇ ಬಿಟ್ಟಿದ್ದೇನಾ?

ವರ್ಷದ ತಿಥಿ ಆಗಿ ಎರಡು ವಾರಕ್ಕೆ, ಮಗನನ್ನು ಕೇಳಿಯೇ, ಹೇಳಿದೆ. ಪಾರ್ಕಿನಲ್ಲಿ ನಡೆಯುತ್ತಿದ್ದೆವು. ಅವಳು ನಿಂತುಬಿಟ್ಟಳು. "ನಿನಗೂ ಗೊತ್ತಿತ್ತಾ?" ಅಂದಳು. ಗೊತ್ತಿತ್ತು ಅಂದೆ. ಆಮೇಲೆ ಕಾರಿನ ತನಕ ಮಾತಿಲ್ಲ. ಒಂದು ವಾರ ಫೋನೂ ಇಲ್ಲ. ಗೆಳೆತನ ಹೋಯಿತು ಅಂದುಕೊಂಡೆ.

ಮುಂದಿನ ಭಾನುವಾರ ಮಧ್ಯಾಹ್ನ ಒಬ್ಬಳೇ ಬಂದಳು. ಟೀ ಬೇಡ ಅಂದಳು. "ಎಲ್ಲಪ್ಪಾ, ಕೇಳಿಸು" ಅಂತ ಮಗನ ಕಡೆ ನೋಡಿದಳು. ಅವನು ಲ್ಯಾಪ್‌ಟಾಪ್ ತಂದು ಊಟದ ಟೇಬಲ್ ಮೇಲೆ ಇಟ್ಟ, ಹೆಡ್‌ಫೋನ್ ಕೊಟ್ಟ, ಯಾವ ಗುಂಡಿ ಒತ್ತಿದರೆ ನಿಲ್ಲುತ್ತದೆ ಅಂತ ತೋರಿಸಿದ. ಆಮೇಲೆ ಹಿತ್ತಲಿಗೆ ಹೋಗಿ ಕರಿಬೇವಿನ ಗಿಡಕ್ಕೆ ನೀರು ಬಿಡುತ್ತಾ ನಿಂತ. ನಾನು ಅಡುಗೆಮನೆಗೆ ಹೋದೆ. ಹನ್ನೊಂದು ನಿಮಿಷ ಅವಳು ಟೇಬಲ್ ಮೇಲೆ ಎರಡೂ ಅಂಗೈ ಊರಿಕೊಂಡು ಕೂತಿದ್ದಳು. ಮುಗಿದ ಮೇಲೆ ಮತ್ತೆ ಮೊದಲಿಂದ ಹಾಕಿಕೊಂಡಳು.

ಹೆಡ್‌ಫೋನ್ ತೆಗೆದು ಮೊದಲು ಕೇಳಿದ್ದು ನಿಮಿಷದ ಲೆಕ್ಕ ಅಲ್ಲ. "ಈ ಹೆಂಗಸು ಯಾರು?"

"ಡಿಸ್ಪ್ಯಾಚರ್ ಆಂಟಿ," ಅಂದ ಮಗ, ಒದ್ದೆ ಕೈಯಲ್ಲೇ ಬಾಗಿಲ ಹತ್ತಿರ ನಿಂತು. "ಹೆಸರು ಗೊತ್ತಿಲ್ಲ. ರಾತ್ರಿ ಹೊತ್ತು ಜಾಸ್ತಿ ಇರ್ತಾರೆ."

"ನಮ್ಮ ರಸ್ತೆ ಹೆಸರು ನೋಡು ಎಷ್ಟು ನಿಧಾನ ಹೇಳ್ತಾರೆ. ಎರಡೆರಡು ಸಲ. ಅವರಿಗೆ ದಾರಿ ತಪ್ಪಬಾರದು ಅಂತ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವರಿಗೆ ಕೇಳಿಸ್ಬೇಕು" ಅಂದಳು. ಇವರಿಗೆ ಅಂದರೆ ಗಂಡನಿಗೆ.

ಮಗ ಒಂದು ಪೆನ್ ಡ್ರೈವ್ ಹುಡುಕಿ ಅದಕ್ಕೆ ಹಾಕಿಕೊಟ್ಟ. ಅವಳು ಅದನ್ನು ಸೆರಗಿನ ತುದಿಯಲ್ಲಿ ಕಟ್ಟುವವಳ ಹಾಗೆ ದುಪಟ್ಟಾದ ಮೂಲೆಯಲ್ಲಿ ಸುತ್ತಿಕೊಂಡಳು. ಬಾಗಿಲ ತನಕ ಹೋದಾಗ ಅವನು ಕೇಳಿದ, "ನನ್ನ ಹತ್ರ ಇರೋದನ್ನ ಅಳಿಸ್ಲಾ ಆಂಟಿ?"

ಅವಳು ಚಪ್ಪಲಿ ಮೆಟ್ಟುತ್ತಾ ಯೋಚಿಸಿದಳು. "ಇರ್ಲಿ ಬಿಡಪ್ಪ," ಅಂದಳು. "ಇದು ಕಳೆದುಹೋದ್ರೆ?"